ಯುದ್ಧ ತಿರುಗಿದ್ದು ಎಲ್ಲಿ? ಒಬ್ಬ ಬ್ಯಾಂಕಿನವನ ಲೆಕ್ಕ

ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಪುಣೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದಾಶಿವ ಪೇಠೆಯ ಯಾವ ಓಣಿ ಹೊಕ್ಕರೂ ಪುಸ್ತಕ ಹಿಡಿದ ಹುಡುಗ ಹುಡುಗಿಯರೇ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ತನ್ನ ನೋಟ್ಸ್ ನನ್ನ ಕೈಗೆ ಕೊಟ್ಟು "ಅಪ್ಪಾ, ಪ್ರಶ್ನೆ ಕೇಳು" ಅನ್ನುವುದು ಅವಳ ರೂಢಿ. ನಾನು ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು, ಇತಿಹಾಸ ನನ್ನ ವಿಷಯವಲ್ಲ. ಆದರೆ ಪ್ರಶ್ನೆ ಕೇಳಲಿಕ್ಕೆ ಇತಿಹಾಸ ಗೊತ್ತಿರಬೇಕು ಅಂತೇನಿಲ್ಲವಲ್ಲ!

ಹೋದ ವಾರದ ಪ್ರಶ್ನೆ ಹೀಗಿತ್ತು: ಎರಡನೇ ಮಹಾಯುದ್ಧದ ಟರ್ನಿಂಗ್ ಪಾಯಿಂಟುಗಳು ಯಾವುವು? ಅವಳು ಪಟಪಟನೆ ಹೇಳಿದಳು. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ, ಅದೇ ವರ್ಷದ ಅಕ್ಟೋಬರ್-ನವೆಂಬರಿನಲ್ಲಿ ಈಜಿಪ್ತಿನ ಎಲ್ ಅಲಮೇನ್, 1943ರ ಫೆಬ್ರವರಿ 2ರಂದು ಜರ್ಮನರು ಶರಣಾದ ಸ್ಟಾಲಿನ್‌ಗ್ರಾಡ್. ಎಂಟು ತಿಂಗಳಲ್ಲಿ ಯುದ್ಧ ಮಗ್ಗಲು ಬದಲಿಸಿತು. ಉತ್ತರ ಸರಿ, ಪೂರ್ತಿ ಅಂಕ.

ಆದರೂ ನನಗೆ ಏನೋ ಕಸಿವಿಸಿ. ನೋಟ್ಸ್ ಮಡಚಿ ಇಟ್ಟು, "ಮತ್ತ ಇದರಾಗ ನಮ್ಮದು ಯಾವುದವಾ?" ಅಂದೆ. ಅವಳು ಒಂದು ಕ್ಷಣ ನೋಡಿ, "ನಮ್ಮದೇನಿದೆ ಅಪ್ಪಾ, ಅದು ಬ್ರಿಟಿಷರ ಯುದ್ಧ" ಅಂದಳು. ಅದೂ ಸರಿ ಉತ್ತರವೇ. ನಾವೆಲ್ಲ ಶಾಲೆಯಲ್ಲಿ ಕಲಿತದ್ದೂ ಇಷ್ಟೇ. ಆದರೆ ಆ ಸರಿ ಉತ್ತರ ಕೇಳಿದಾಗ ನನಗೆ ಸಣ್ಣಜ್ಜ ನೆನಪಾದರು. ಆ ನೆನಪೇ ಈ ಬರಹಕ್ಕೆ ಕಾರಣ.

ಸಣ್ಣಜ್ಜ ಅಂದರೆ ನಮ್ಮ ಅಜ್ಜನ ತಮ್ಮ. ಯುದ್ಧ ಶುರುವಾದ ಹೊಸದರಲ್ಲಿ ಧಾರವಾಡದಿಂದ ಪುಣೆಗೆ ಬಂದು, ಸೈನ್ಯದ ಲೆಕ್ಕಪತ್ರ ನೋಡುವ ಕಚೇರಿಯೊಂದರಲ್ಲಿ ಕಾರಕೂನರಾದವರು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ನೌಕರಿ ಬೇಕಾದರೆ ನಮ್ಮ ಕಡೆಯವರು ರೈಲು ಹತ್ತುತ್ತಿದ್ದದ್ದು ಪುಣೆಗೆ, ಮುಂಬೈಗೆ. (ಈಗಲೂ ಹಾಗೇ, ನಾನೇ ಸಾಕ್ಷಿ!) ನಾನು ಧಾರವಾಡದಲ್ಲಿ ಬಿ.ಕಾಂ. ಓದುವಾಗ ಅವರು ನಿವೃತ್ತರಾಗಿ ಊರಿಗೆ ಮರಳಿದ್ದರು. ಮೂರು ವರ್ಷ ಅವರ ಮನೆಯಲ್ಲೇ ಇದ್ದೆ. ಡೆಬಿಟ್ಟು ಕ್ರೆಡಿಟ್ಟು ನನಗೆ ತಲೆಗೆ ಹತ್ತಿದ್ದು ಕಾಲೇಜಿನಲ್ಲಲ್ಲ, ಅವರ ಪಡಸಾಲೆಯಲ್ಲಿ.

ಸಿಪಾಯಿಗಳ ಸಂಬಳದಲ್ಲಿ ಒಂದು ಪಾಲು ತಿಂಗಳಾ ತಿಂಗಳಾ ಮನೆಯವರಿಗೆ ಮನಿ ಆರ್ಡರ್ ಹೋಗಬೇಕಲ್ಲ, ಆ ಲೆಕ್ಕ ಬರೆಯುವುದು ಸಣ್ಣಜ್ಜನ ಕೆಲಸ. ಅವರು ಹೇಳುತ್ತಿದ್ದರು: "ಪೇಪರಿನ್ಯಾಗ ದಿನಾ ನಾವೇ ಗೆಲ್ಲತಿದ್ವಿ. ಲೆಡ್ಜರಿನ್ಯಾಗ ಮಾತ್ರ ಹಂಗ ಕಾಣತಿರಲಿಲ್ಲ." 1942ರ ಬೇಸಿಗೆ ಹೊತ್ತಿಗೆ ಅವರ ಪುಸ್ತಕದಲ್ಲಿ ಪುಟಗಟ್ಟಲೆ ಹೆಸರುಗಳ ಮುಂದೆ ಒಂದೇ ಶಬ್ದ ಬರತೊಡಗಿತು. ಮಿಸ್ಸಿಂಗ್.

ಒಂದು ದಿನ ಬೆಳಗಾವಿ ಕಡೆಯ ಹಳ್ಳಿಯ ಒಬ್ಬ ಮುದುಕ ಆ ಕಚೇರಿಯ ಬಾಗಿಲಿಗೆ ಬಂದನಂತೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿ ಗಂಟು. ಮಗ ಪಲ್ಟನ್ನಿನಲ್ಲಿ ಮೋಟಾರು ಓಡಿಸುವ ಕೆಲಸಕ್ಕೆ ಸೇರಿ ಸಿಂಗಪುರಕ್ಕೆ ಹೋಗಿದ್ದ. ಮನಿ ಆರ್ಡರ್ ಬರುತ್ತಿದೆ, ಮಗನ ಕಾಗದ ಬರುತ್ತಿಲ್ಲ. ರೊಕ್ಕ ಕಳಿಸುವವರಿಗೆ ಮಗ ಎಲ್ಲಿದ್ದಾನೆ ಅನ್ನುವುದೂ ಗೊತ್ತಿರಲೇಬೇಕು ಅಂತ ಅವನ ತರ್ಕ. ಅವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಸಣ್ಣಜ್ಜ ಒಬ್ಬರೇ. ಅವರನ್ನೇ ಕರೆದು ಹೇಳಿಸಿದರು.

ಮಿಸ್ಸಿಂಗ್ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಸಣ್ಣಜ್ಜ "ಮಗ ಕಾಣೆ ಆಗ್ಯಾನ್ರಿ, ಯಜಮಾನ್ರ" ಅಂದರಂತೆ. ಮುದುಕ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿದನಂತೆ: "ಕಾಣೆ ಆಗ್ಯಾನಂತೀರಿ. ಹಂಗಾರ ಯಾರರೆ ಹುಡಕಾಕ ಹೋಗ್ಯಾರೇನ್ರಿ?"

ಇದನ್ನು ಹೇಳುವಾಗ ಸಣ್ಣಜ್ಜನಿಗೆ ಎಪ್ಪತ್ತು ದಾಟಿತ್ತು. ಆ ಹುಡುಗ ತಿರುಗಿ ಬಂದನೋ ಇಲ್ಲವೋ ಅವರಿಗೂ ಗೊತ್ತಾಗಲಿಲ್ಲ. ಆ ಲೆಡ್ಜರು ಬೇರೆ ಟೇಬಲ್ಲಿಗೆ ಹೋಯಿತು.

ಮಗಳ ಪಟ್ಟಿ ತಪ್ಪು ಅಂತ ನಾನು ಹೇಳುವುದಿಲ್ಲ. ಸ್ಟಾಲಿನ್‌ಗ್ರಾಡ್ ಇಲ್ಲದಿದ್ದರೆ ಜಗತ್ತು ಏನಾಗುತ್ತಿತ್ತೋ! ಎಲ್ ಅಲಮೇನ್‌ನಲ್ಲಂತೂ ಭಾರತದ ನಾಲ್ಕನೇ ಡಿವಿಜನ್ನೇ ಇತ್ತು. ನನ್ನ ತಕರಾರು ಬೇರೆ. ಆ ಪಟ್ಟಿ ಸೇನಾಪತಿಗಳ ನಕ್ಷೆ ನೋಡಿ ಬರೆದದ್ದು. ಅದನ್ನೇ ಆ ಯುದ್ಧಕ್ಕೆ ಖರ್ಚು ಕೊಟ್ಟವರ ಕಡೆಯಿಂದ ಬರೆದರೆ ಬೇರೆ ತಾರೀಖುಗಳು ಬರುತ್ತವೆ. ಅಂಥ ಮೂರು ತಾರೀಖು ನನ್ನ ಲೆಕ್ಕದಲ್ಲಿವೆ.

ಮೊದಲನೆಯದು 1942ರ ಫೆಬ್ರವರಿ 15, ಸಿಂಗಪುರ ಬಿದ್ದ ದಿನ. ಎರಡು ದಿನದ ಮೇಲೆ ಅಲ್ಲಿಯ ಫಾರರ್ ಪಾರ್ಕ್ ಮೈದಾನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಲಾಯಿತು. ಸಿಂಗಪುರದ ಕಾವಲಿಗೆ ಹೋಗಿದ್ದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳವೂ ಇತ್ತು. ಮುಂದೆ ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಬರ್ಮಾದ ಅಕ್ಕಿ ಬರುವುದು ನಿಂತಿತು. ಜಪಾನೀಯರು ಬಂಗಾಳಕ್ಕೆ ಬಂದರೆ ಅವರ ಕೈಗೆ ಸಿಗಬಾರದು ಅಂತ ಸರ್ಕಾರವೇ ಕರಾವಳಿಯ ಭತ್ತ ಎತ್ತಿಸಿತು, ದೋಣಿಗಳನ್ನು ಕಿತ್ತುಕೊಂಡಿತು. ಬಂಗಾಳದಲ್ಲಿ ದೋಣಿ ಇಲ್ಲ ಅಂದರೆ ನಮ್ಮಲ್ಲಿ ಎತ್ತು ಬಂಡಿ ಇಲ್ಲ ಅಂದ ಹಾಗೆ. ಅಕ್ಟೋಬರಿನಲ್ಲಿ ಚಂಡಮಾರುತ ಬೇರೆ. 1943ರಲ್ಲಿ ಬರಗಾಲ. ಸತ್ತವರು ಸರ್ಕಾರಿ ವಿಚಾರಣಾ ಆಯೋಗದ ಪ್ರಕಾರ ಹದಿನೈದು ಲಕ್ಷ, ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಲೆಕ್ಕದಲ್ಲಿ ಮೂವತ್ತು ಲಕ್ಷದ ಹತ್ತಿರ.

ಅದೇ ಹೊತ್ತಿಗೆ, 1942-43ರಲ್ಲಿ, ನಮ್ಮ ಬಿಜಾಪುರ ಜಿಲ್ಲೆಯಲ್ಲೂ ಬರ ಬಿದ್ದಿತ್ತು. ನಮ್ಮ ಅಜ್ಜಿಯ ತವರು ಬಾದಾಮಿ ಹತ್ತಿರದ ಹಳ್ಳಿ, ಆಗ ಅದು ಬಿಜಾಪುರ ಜಿಲ್ಲೆಯೇ. ಅಲ್ಲಿ ಮಳೆ ಇಲ್ಲದೆ ಜೋಳ ಒಣಗಿತ್ತು. ಕೊಂಡು ತಿನ್ನೋಣ ಅಂದರೆ ಧಾರಣಿ ಕೈಗೆ ಸಿಗದಷ್ಟು ಏರಿತ್ತು. "ಕೈಯಾಗ ತೂತಿನ ಪೈಸಾ, ಹೊಟ್ಟ್ಯಾಗ ತೂತು" ಅಂತ ಅಜ್ಜಿ ಹೇಳಿ ತಾವೇ ನಗುತ್ತಿದ್ದರು. ತೂತಿನ ಪೈಸೆ ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. 1943ರಿಂದ ಬಂದದ್ದು, ತಾಮ್ರ ಉಳಿಸಲಿಕ್ಕೆ ನಡುವೆ ದೊಡ್ಡ ತೂತು ಇಟ್ಟು ಹೊಡೆದ ನಾಣ್ಯ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಎರಡು ಈಗ ನನ್ನ ಹತ್ತಿರ ಇವೆ. ಸಿಂಗಪುರ ಎಲ್ಲಿದೆ ಅಂತ ನಮ್ಮ ಅಜ್ಜಿಗೆ ಗೊತ್ತಿರಲಿಲ್ಲ. ಯುದ್ಧ ತನ್ನ ಅಡಿಗೆಮನೆಗೆ ಬಂದದ್ದು ಮಾತ್ರ ಗೊತ್ತಿತ್ತು.

ಇಲ್ಲಿ ಮಗಳ ಮಾತಿಗೆ ಉತ್ತರ ಕೊಡಬೇಕು. ಬ್ರಿಟಿಷರ ಯುದ್ಧ ಅಂದಳಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ನಮ್ಮ ಯಾವ ನಾಯಕರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಅಂತ ಸಾರಿದ್ದು ನಿಜ. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟದ್ದೂ ಇದಕ್ಕೇ. 1942ರ ಆಗಸ್ಟಿನಲ್ಲಿ ಗಾಂಧೀಜಿಯನ್ನು ತಂದು ಇಟ್ಟದ್ದು ಇದೇ ಪುಣೆಯ ಆಗಾ ಖಾನ್ ಅರಮನೆಯಲ್ಲಿ. ಅಲ್ಲೇ ಮಹಾದೇವ ದೇಸಾಯಿ ಹೋದರು, 1944ರ ಫೆಬ್ರವರಿ 22ರಂದು ಕಸ್ತೂರಬಾ ಹೋದರು. ಆದರೆ ಇದೆಲ್ಲ ನಡೆಯುತ್ತಿದ್ದಾಗಲೇ ಎರಡು ಲಕ್ಷದಷ್ಟಿದ್ದ ಭಾರತೀಯ ಸೈನ್ಯ ಇಪ್ಪತ್ತೈದು ಲಕ್ಷಕ್ಕೆ ಬೆಳೆಯಿತು. ಹೆಚ್ಚಿನವರು ಹೋದದ್ದು ರಾಜನ ಮೇಲಿನ ಪ್ರೀತಿಗಲ್ಲ, ಮನೆಗೆ ಬರುವ ಮನಿ ಆರ್ಡರಿಗೆ. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ತಿರುಗಿ ಬರಲಿಲ್ಲ. ಕೇಳದೇ ನಮ್ಮ ಹೆಸರಿಗೆ ಖಾತೆ ತೆಗೆದರು ಅನ್ನೋಣ. ಹಾಗಂತ ಅದರಿಂದ ಹೋದ ಹಣ ನಮ್ಮದಲ್ಲ ಅನ್ನಲಿಕ್ಕೆ ಆಗುತ್ತದೆಯೇ?

ನನ್ನ ಎರಡನೇ ತಾರೀಖು 1944ರ ಮಾರ್ಚ್ ಕೊನೆಯ ವಾರ, ಜಾಗ ಮಣಿಪುರದ ಸಾಂಗ್‌ಶಾಕ್. ಈ ಹೆಸರು ಮಗಳ ನೋಟ್ಸಿನಲ್ಲಿ ಇರಲಿಲ್ಲ. ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಆ ತಿಂಗಳು ಜಪಾನಿನ ಸುಮಾರು 85,000 ಸೈನಿಕರು ಬರ್ಮಾ ಗಡಿ ದಾಟಿ ಇಂಫಾಲ ಮತ್ತು ಕೊಹಿಮಾದ ಕಡೆ ಹೊರಟರು. ಕೊಹಿಮಾ ದಾಟಿದರೆ ದಿಮಾಪುರದ ರೈಲು ನಿಲ್ದಾಣ, ಅಲ್ಲಿಯ ದೊಡ್ಡ ಉಗ್ರಾಣ. ಅದು ಹೋದರೆ ಈಶಾನ್ಯ ಭಾರತವೇ ಕೈಬಿಟ್ಟ ಹಾಗೆ. ದಾರಿಯಲ್ಲಿ ಸಾಂಗ್‌ಶಾಕ್ ಅನ್ನುವ ಗುಡ್ಡದ ಹಳ್ಳಿಯಲ್ಲಿ 50ನೇ ಪ್ಯಾರಾಶೂಟ್ ಬ್ರಿಗೇಡಿನವರು ಅಡ್ಡ ನಿಂತರು. ಅವರ ಜೊತೆ ಇದ್ದದ್ದು ಮರಾಠಾ ಲೈಟ್ ಇನ್‌ಫಂಟ್ರಿಯ ನಾಲ್ಕನೇ ಬೆಟಾಲಿಯನ್. ಆ ರೆಜಿಮೆಂಟಿನ ತರಬೇತಿ ಕೇಂದ್ರ ಬೇರೆಲ್ಲೂ ಅಲ್ಲ, ನಮ್ಮ ಬೆಳಗಾವಿ.

ಗಟ್ಟಿ ಬಂಡೆ ನೆಲ, ಕಂದಕ ತೋಡಲಿಕ್ಕೆ ಬಾರದು. ಮುಳ್ಳುತಂತಿ ಇಲ್ಲ, ಕುಡಿಯಲು ನೀರು ಇಲ್ಲ. ವಿಮಾನದಿಂದ ಇಳಿಸಿದ ಸಾಮಾನು ಬಹುಪಾಲು ಶತ್ರುವಿನ ಕಡೆಗೇ ಬಿತ್ತು. ಮಾರ್ಚ್ 26ರ ರಾತ್ರಿ ಹಿಂದೆ ಸರಿಯುವವರೆಗೆ ಅವರು ಹಿಡಿದು ನಿಂತರು. ಸತ್ತ ಜಪಾನಿ ಅಧಿಕಾರಿಯೊಬ್ಬನ ಹತ್ತಿರ ಸಿಕ್ಕ ನಕ್ಷೆಯನ್ನು ಶತ್ರುವಿನ ನಡುವಿನಿಂದಲೇ ಇಂಫಾಲಕ್ಕೆ ಮುಟ್ಟಿಸಿದರು. ಅವರು ಸೋತರು ಅಂತಲೇ ಆಗಿನ ಲೆಕ್ಕ. ಆದರೆ ಆ ಕೆಲವು ದಿನಗಳಲ್ಲಿ ಕೊಹಿಮಾ ಉಸಿರು ಹಿಡಿದುಕೊಂಡಿತು. ಏಪ್ರಿಲ್ 4ರಂದು ಜಪಾನೀಯರು ಕೊಹಿಮಾ ಮುಟ್ಟಿದಾಗ ಅಲ್ಲಿ ಹೋರಾಡಬಲ್ಲವರು ಸುಮಾರು 1,500 ಜನ, ಎದುರಿಗೆ ಇಡೀ ಒಂದು ಡಿವಿಜನ್. ಎರಡು ವಾರ ತಡೆದರು. ಅಷ್ಟರಲ್ಲಿ ದಿಮಾಪುರದಿಂದ ಸಹಾಯ ಬಂತು. ಜೂನ್ 22ಕ್ಕೆ ಕೊಹಿಮಾ-ಇಂಫಾಲ ರಸ್ತೆ ತೆರೆಯಿತು. ಬರ್ಮಾದ ಕಡೆ ಜಪಾನಿನ ಬೆನ್ನು ಮುರಿದದ್ದು ಅಲ್ಲಿ. ಆದರೆ ಅದೇ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಸೈನ್ಯ ಇಳಿದಿತ್ತು, ಜಗತ್ತಿನ ಪೇಪರುಗಳೆಲ್ಲ ಆ ಕಡೆ ತಿರುಗಿದ್ದವು. ಇಂಫಾಲ-ಕೊಹಿಮಾ ಬ್ರಿಟನ್ನಿನ ಅತಿ ದೊಡ್ಡ ಕಾಳಗ ಅಂತ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ಮತ ಹಾಕಿದ್ದು 2013ರಲ್ಲಿ. ಅಂದರೆ ಅವರಿಗೂ ನೆನಪಾಗಲಿಕ್ಕೆ ಎಪ್ಪತ್ತು ವರ್ಷ ಬೇಕಾಯಿತು.

ಇನ್ನೊಂದು ಮಾತು ಮುಚ್ಚಿಡಬಾರದು. ಇಂಫಾಲದ ಕಾಳಗದಲ್ಲಿ ಜಪಾನೀಯರ ಜೊತೆ ಸುಭಾಷರ ಆಜಾದ್ ಹಿಂದ್ ಫೌಜ್ ಇತ್ತು. ಸಿಂಗಪುರದಲ್ಲಿ ಕೈದಿಗಳಾಗಿದ್ದವರೇ ಎಷ್ಟೋ ಜನ ಅದರಲ್ಲಿದ್ದರು. ಇಬ್ಬರೂ ನಮ್ಮವರೇ. ಒಂದೇ ತಾಲ್ಲೂಕಿನ ಇಬ್ಬರು ಎದುರು ಬದುರು ಬಂದಿದ್ದರೂ ಆಶ್ಚರ್ಯವಿಲ್ಲ. ಯಾರು ದೇಶಭಕ್ತ, ಯಾರು ಅಲ್ಲ ಅಂತ ಇವತ್ತು ಆರಾಮ ಕುರ್ಚಿಯಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ನಾನು ಆ ಕೆಲಸ ಮಾಡುವುದಿಲ್ಲ. ಆ ಮುದುಕನ ಮಗ ಎಲ್ಲಿದ್ದನೋ, ಯಾರ ಕಡೆ ಇದ್ದನೋ, ಇದ್ದನೋ ಇಲ್ಲವೋ.

ಮೂರನೆಯ ತಿರುವಿಗೆ ತಾರೀಖು ಹಾಕುವುದು ಕಷ್ಟ. ಅದು ಲೆಡ್ಜರಿನಲ್ಲಿ ಆದದ್ದು. ನನ್ನ ವೃತ್ತಿಗೆ ಹತ್ತಿರದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಯುದ್ಧಕ್ಕೆ ಮೊದಲು ಭಾರತ ಲಂಡನ್ನಿಗೆ ಸಾಲಗಾರ. ಮೂವತ್ತು ಕೋಟಿ ಪೌಂಡಿಗೂ ಮೇಲೆ ಸಾಲ, ವರ್ಷ ವರ್ಷ ಬಡ್ಡಿ. 1939ರ ನವೆಂಬರಿನಲ್ಲಿ ಒಂದು ಒಪ್ಪಂದ ಆಯಿತು. ಭಾರತದ ಸ್ವಂತ ರಕ್ಷಣೆಯ ಖರ್ಚು ಭಾರತದ್ದು, ಹೊರದೇಶದಲ್ಲಿ ಕಾದಾಡುವ ಸೈನ್ಯದ ಖರ್ಚು ಮತ್ತು ಬ್ರಿಟನ್ನಿಗಾಗಿ ಕೊಳ್ಳುವ ಸಾಮಾನಿನ ಖರ್ಚು ಬ್ರಿಟನ್ನಿನದು. ಕಾಗದದ ಮೇಲೆ ನ್ಯಾಯವೇ. ಈಗ ಅದು ನಡೆಯುತ್ತಿದ್ದದ್ದು ಹೇಗೆ ನೋಡಿ. ಸೊಲ್ಲಾಪುರದ ಗಿರಣಿಯಿಂದ ಸೈನ್ಯಕ್ಕೆ ನೂರು ರೂಪಾಯಿ ಬಟ್ಟೆ ಹೋಯಿತು ಅನ್ನಿ. ಆಗ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ ನೂರು ರೂಪಾಯಿಗೆ ಏಳೂವರೆ ಪೌಂಡ್. ಬ್ರಿಟನ್ ಆ ಏಳೂವರೆ ಪೌಂಡನ್ನು ಲಂಡನ್ನಿನಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ಖಾತೆಗೆ ಜಮಾ ಬರೆಯಿತು. ಆ ಜಮೆಯ ಆಧಾರದ ಮೇಲೆ ರಿಸರ್ವ್ ಬ್ಯಾಂಕು ಇಲ್ಲಿ ನೂರು ರೂಪಾಯಿ ನೋಟು ಅಚ್ಚು ಹಾಕಿ ಗಿರಣಿಗೆ ಕೊಟ್ಟಿತು. ಗಿರಣಿಗೆ ದುಡ್ಡು ಬಂತು, ಲೆಕ್ಕ ತಾಳೆ ಆಯಿತು. ಆದರೆ ಬಟ್ಟೆ ಆಫ್ರಿಕಾಕ್ಕೆ ಹೋಯಿತು, ನೋಟು ಇಲ್ಲಿ ಉಳಿಯಿತು. ಬಟ್ಟೆಯ ಜಾಗದಲ್ಲಿ ಕಾಳು, ಕಬ್ಬಿಣ, ಕಟ್ಟಿಗೆ, ಆಳಿನ ದುಡಿಮೆ ಏನು ಬೇಕಾದರೂ ಹಾಕಿಕೊಳ್ಳಿ. ಸಾಮಾನು ಕಡಿಮೆ, ನೋಟು ಹೆಚ್ಚು.

ಯುದ್ಧದ ಆರು ವರ್ಷಗಳಲ್ಲಿ ಚಲಾವಣೆಯ ನೋಟು ಆರು ಪಟ್ಟು ಆಯಿತು. ಬೆಲೆಗಳು ಎರಡು ಪಟ್ಟಿಗಿಂತ ಮೇಲೆ ಹೋದವು. ಸರಕಾರಿ ಗುತ್ತಿಗೆ ಸಿಕ್ಕವನಿಗೆ, ಪಟ್ಟಣದ ನೌಕರಿಯವನಿಗೆ ಕೈಯಲ್ಲಿ ನೋಟು ಬಂತು. ಹಳ್ಳಿಯ ಕೂಲಿಗೆ, ಮೀನುಗಾರನಿಗೆ, ಕ್ಷೌರಿಕನಿಗೆ ಬರಲಿಲ್ಲ. ಅಕ್ಕಿ ಯಾರ ಕೈಯಲ್ಲಿ ನೋಟು ಇದೆಯೋ ಅವರ ಕಡೆ ಹೋಯಿತು. ಬಂಗಾಳದಲ್ಲಿ ಅಷ್ಟು ಜನ ಸತ್ತದ್ದಕ್ಕೆ ಬೆಳೆ ಹಾಳಾದದ್ದು ಒಂದೇ ಕಾರಣ ಅಲ್ಲ, ಕೊಳ್ಳುವ ಶಕ್ತಿ ಹೋದದ್ದು ದೊಡ್ಡ ಕಾರಣ ಅಂತ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ನಮ್ಮ ಅಜ್ಜಿ ಇದನ್ನೇ ಒಂದು ಸಾಲಿನಲ್ಲಿ ಹೇಳಿದ್ದರು ಅಂತ ನನಗೆ ಆಮೇಲೆ ಹೊಳೆಯಿತು.

ಇತ್ತ ಲಂಡನ್ನಿನ ಜಮೆ ಬೆಳೆಯುತ್ತಲೇ ಹೋಯಿತು. ಹಳೆಯ ಸಾಲದ ಬಹುಪಾಲು ಅದರಿಂದಲೇ ತೀರಿತು. ಆಮೇಲೂ 1946ರ ಹೊತ್ತಿಗೆ 1,700 ಕೋಟಿ ರೂಪಾಯಿಗೂ ಮೇಲೆ, ಅಂದರೆ ಸುಮಾರು 130 ಕೋಟಿ ಪೌಂಡ್, ಬ್ರಿಟನ್ನೇ ನಮಗೆ ಕೊಡಬೇಕಾಗಿತ್ತು! ನೂರಾರು ವರ್ಷ ಇಲ್ಲಿಂದ ಬಡ್ಡಿ ಎಣಿಸಿಕೊಂಡು ಹೋದವನು ಸಾಲಗಾರನಾಗಿ ಎದುರಿಗೆ ನಿಂತ. ನನ್ನನ್ನು ಕೇಳಿದರೆ ಆ ಯುದ್ಧದಲ್ಲಿ ಭಾರತದ ಮಟ್ಟಿಗೆ ಅತಿ ದೊಡ್ಡ ತಿರುವು ಇದು. ಯಾವ ನಕ್ಷೆಯಲ್ಲೂ ಇಲ್ಲದ ತಿರುವು.

ಸ್ವಾತಂತ್ರ್ಯ ಬಂದದ್ದು ಇದೊಂದರಿಂದಲೇ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಚಲೇಜಾವ್‌ನಲ್ಲಿ ಜೈಲಿಗೆ ಹೋದವರಿಗೆ, 1946ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಬಂಡೆದ್ದ ನಾವಿಕರಿಗೆ, ಕೆಂಪು ಕೋಟೆಯಲ್ಲಿ ವಿಚಾರಣೆಗೆ ನಿಂತ ಫೌಜಿನವರಿಗೆ ಅನ್ಯಾಯ ಮಾಡಿದಂತೆ. ಆದರೆ ಬ್ಯಾಂಕಿನವನಾಗಿ ಒಂದು ಮಾತು ಹೇಳಬಲ್ಲೆ. ಸಾಲ ಕೊಟ್ಟವನಿಗೆ ಸಾಲಗಾರನ ಮನೆಯ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಅಸಲು ವಸೂಲಾಗುವ ತನಕ ಬಿಟ್ಟು ಹೋಗುವುದಿಲ್ಲ. 1939ರಲ್ಲಿ ಲಂಡನ್ನಿಗೆ ಭಾರತದಲ್ಲಿ ಆ ಆಸ್ಥೆ ಇತ್ತು. 1945ರಲ್ಲಿ ಆ ಕೊಂಡಿ ಕಳಚಿತ್ತು. ಉಳಿದ ಕಾರಣಗಳ ಜೊತೆ ಇದನ್ನೂ ಬರೆಯಿರಿ ಅನ್ನುವುದಷ್ಟೇ ನನ್ನ ವಾದ.

ಆ ಹಣ ಪೂರ್ತಿ ಕೈಗೆ ಬಂತೇ? ಅದನ್ನೂ ಹೇಳಬೇಕು. ಈ ಸಾಲದ ವಿರುದ್ಧ ಪ್ರತಿಯಾಗಿ ಹಕ್ಕು ಹೂಡಬೇಕು ಅನ್ನುವುದು ಚರ್ಚಿಲ್ಲರ ವಾದವಾಗಿತ್ತು. ಭಾರತವನ್ನು ಕಾಪಾಡಿದ್ದಕ್ಕೆ ಬಿಲ್ಲು ಅಂತ ಇಟ್ಟುಕೊಳ್ಳಿ! 1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ನಮ್ಮ ನಿಯೋಗದಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಚಿಂತಾಮಣರಾವ್ ದೇಶಮುಖ್ ಇದ್ದರು. ಈ ಬಾಕಿಯ ವಿಷಯವನ್ನು ಅಲ್ಲಿಯ ಒಪ್ಪಂದದಲ್ಲಿ ಸೇರಿಸಿ ಅಂತ ನಿಯೋಗ ವಾದಿಸಿತು. ಬ್ರಿಟನ್ನೂ ಅಮೆರಿಕವೂ ಒಪ್ಪಲಿಲ್ಲ. 1948ರ ಒಪ್ಪಂದದಲ್ಲಿ, ಇಲ್ಲಿ ಬಿಟ್ಟುಹೋದ ಯುದ್ಧ ಸಾಮಗ್ರಿಗೆ ಹತ್ತು ಕೋಟಿ ಪೌಂಡ್ ಮುರಿದುಕೊಂಡರು. ಇಲ್ಲಿ ಆಳಿ ಹೋದ ಬ್ರಿಟಿಷ್ ಅಧಿಕಾರಿಗಳ ಪೆನ್ಷನ್ನಿಗೆ ಅಂತ ಸುಮಾರು 16.8 ಕೋಟಿ ಪೌಂಡ್ ಅದರಲ್ಲೇ ಹೋಯಿತು. ಪಾಕಿಸ್ತಾನದ ಪಾಲು ಬೇರೆ ಕೊಡಬೇಕಿತ್ತು. ಉಳಿದದ್ದನ್ನು ಕಂತು ಕಂತಾಗಿ ತೆಗೆಯಬೇಕು. ಅಷ್ಟರಲ್ಲಿ 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆ 4.03 ಡಾಲರಿನಿಂದ 2.80ಕ್ಕೆ ಇಳಿಯಿತು. ಡಾಲರು ಕೊಟ್ಟು ಕೊಳ್ಳುವ ಸಾಮಾನಿಗೆ ನಮ್ಮ ಠೇವಣಿ ಮೂರರಲ್ಲಿ ಒಂದು ಪಾಲು ಹತ್ತಿರ ಕರಗಿತು. ಉಳಿದದ್ದು ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳಿಗೆ ಹೋಯಿತು. ಹಾಗೆ ನೋಡಿದರೆ ಬಂಗಾಳದ ಹಸಿವಿನ ದುಡ್ಡಿನಲ್ಲಿ ನಮ್ಮ ಉಕ್ಕಿನ ಕಾರ್ಖಾನೆಗಳ ಕೆಲವು ಗಾಲಿಗಳಾದರೂ ತಿರುಗಿವೆ.

ಜಮೆಯ ಕಡೆ ಬೇರೆ ಬಾಬತ್ತುಗಳೂ ಇವೆ, ಇಲ್ಲವೆನ್ನುವುದಿಲ್ಲ. 1940ರ ಡಿಸೆಂಬರಿನಲ್ಲಿ ಸೊಲ್ಲಾಪುರ ಮೂಲದ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದರು. ಯುದ್ಧ ಕಾಲದಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ರಿಪೇರಿಯಾದವು. ಅದೇ ಇವತ್ತಿನ ಎಚ್‌ಎಎಲ್. ಬೆಂಗಳೂರು ಬೆಂಗಳೂರಾದದ್ದರಲ್ಲಿ ಆ ಯುದ್ಧದ ಪಾಲು ಇದೆ. ಆದರೆ ಜಮಾ ಮಾತ್ರ ಓದಿ ಖರ್ಚಿನ ಪುಟ ಹರಿದು ಹಾಕುವುದು ಲೆಕ್ಕವಲ್ಲ. ಇತ್ತೀಚೆಗೆ ಮೊಬೈಲಿಗೆ ಬರುವ ಇತಿಹಾಸ ಎಲ್ಲ ಹೀಗೇ. ಒಬ್ಬರಿಗೆ ಬರೀ ಪರಾಕ್ರಮ, ಇನ್ನೊಬ್ಬರಿಗೆ ಬರೀ ಮೋಸ. ಎರಡೂ ಕಾಲಮ್ಮು ಒಟ್ಟಿಗೆ ಬರೆಯುವ ತಾಳ್ಮೆ ಯಾರಿಗೂ ಇಲ್ಲ.

ಈ ಭಾನುವಾರ ಪ್ರಶ್ನೋತ್ತರ ಬಿಟ್ಟು ಮಗಳನ್ನು ಖಡಕಿಗೆ ಕರೆದುಕೊಂಡು ಹೋದೆ. ಮುಳಾ ನದಿಯ ಹತ್ತಿರ, ಹೋಳ್ಕರ್ ಸೇತುವೆಯ ಬಳಿ ಯುದ್ಧ ಸ್ಮಶಾನ ಇದೆ. ಮೂವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದೇನೆ, ಒಳಗೆ ಹೋದದ್ದು ಇದೇ ಮೊದಲು. ನಿಮ್ಮಲ್ಲೂ ಬಹಳ ಜನರದು ಇದೇ ಕಥೆ ಇರಬೇಕು. ಎರಡನೇ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳು, ಒಂದೇ ಅಳತೆಯ ಕಲ್ಲು, ಕತ್ತರಿಸಿದ ಹುಲ್ಲು. ಮೊದಲನೇ ಮಹಾಯುದ್ಧದಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಮೇಲ್ಪಟ್ಟವರ ಸ್ಮಾರಕವೂ ಅಲ್ಲೇ. ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನ ಹುಡುಗರು. ಮಗಳು ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ಸುಮ್ಮನಾದಳು. ಅವಳದೇ ವಯಸ್ಸು.

"ನಮ್ಮವರ ಕಲ್ಲು ಎಲ್ಲಿ ಅಪ್ಪಾ?" ಅಂದಳು. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಸಮಾಧಿ ಇರುವುದಿಲ್ಲ, ಹೆಸರುಗಳು ಸ್ಮಾರಕಗಳ ಮೇಲೆ ಇರುತ್ತವೆ ಅಂದೆ. ಕೊಹಿಮಾದಲ್ಲಿ ಹಾಗೆ ದಹನವಾದ 900ಕ್ಕೂ ಹೆಚ್ಚು ಜನರ ಸ್ಮಾರಕ ಇದೆ. ರಂಗೂನಿನ ಹತ್ತಿರ ಟೌಕ್ಯಾನ್‌ನಲ್ಲಿ ಸಮಾಧಿಯೂ ಸಿಗದ ಸುಮಾರು 27,000 ಜನರ ಹೆಸರು ಕಂಬಗಳ ಮೇಲೆ ಕೆತ್ತಿದ್ದಾರೆ, ಸಿಂಗಪುರದ ಕ್ರಾಂಜಿಯಲ್ಲಿ 24,000. ಹೆಸರಾದರೂ ಇದೆ. ಬಂಗಾಳದಲ್ಲಿ ಸತ್ತ ಲಕ್ಷಾಂತರ ಜನಕ್ಕೆ ಅದೂ ಇಲ್ಲ. ಅವರು ಯಾರ ಲೆಡ್ಜರಿನಲ್ಲೂ ಇರಲಿಲ್ಲ, ಮಿಸ್ಸಿಂಗ್ ಅಂತ ಕೂಡ ಬರೆಯಲಿಲ್ಲ.

ಆಮೇಲೆ ಅವಳಿಗೆ ಬೆಳಗಾವಿಯ ಆ ಮುದುಕನ ಕಥೆ ಹೇಳಿದೆ. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲ ಅಂತ ನನಗೇ ಗೊತ್ತಿಲ್ಲ. ಪುಣೆಯಲ್ಲಿ ಬೆಳೆದ ಮಕ್ಕಳಿಗೆ ಊರ ಹಬ್ಬ, ಊರ ರೊಟ್ಟಿ, ಊರ ಜಾತ್ರೆ ಬಗ್ಗೆ ಹೇಳುತ್ತೇವೆ. ನಮ್ಮ ಮನೆಯೊಳಗೆ ಜಗತ್ತು ಬಂದು ಹೋದದ್ದನ್ನು ಹೇಳುವುದಿಲ್ಲ. ಅವರು ಅದನ್ನು ನೋಟ್ಸಿನಿಂದ ಕಲಿಯುತ್ತಾರೆ, ನೋಟ್ಸಿನಲ್ಲಿ ನಾವು ಇರುವುದಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಆ ಕಾಲದ ರೇಷನ್ನು, ಬರ, ಪಲ್ಟನ್ನು, ಮನಿ ಆರ್ಡರಿನ ಮಾತು ಕೇಳಿದವರು ಯಾರಾದರೂ ಇನ್ನೂ ಇದ್ದರೆ, ದಯವಿಟ್ಟು ಈ ರಜೆಯಲ್ಲಿ ಊರಿಗೆ ಹೋದಾಗ ಕೂರಿಸಿಕೊಂಡು ಕೇಳಿ. ಟ್ರಂಕಿನಲ್ಲಿ ಹಳೆಯ ಪೆನ್ಷನ್ ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಬಹಳ ದಿನ ಉಳಿದಿಲ್ಲ.

ಮನೆಗೆ ಬಂದ ಮೇಲೆ ಮಗಳು ನೋಟ್ಸ್ ತೆಗೆದು ಮಿಡ್‌ವೇ, ಎಲ್ ಅಲಮೇನ್, ಸ್ಟಾಲಿನ್‌ಗ್ರಾಡ್‌ಗಳ ಕೆಳಗೆ ಪೆನ್ಸಿಲ್ಲಿನಿಂದ ಮೂರು ಸಾಲು ಬರೆದಳು. ಆಮೇಲೆ ಕೇಳಿದಳು: "ಇದು ಪರೀಕ್ಷೆಗೆ ಬರುತ್ತದಾ ಅಪ್ಪಾ?"

"ಬರಂಗಿಲ್ಲವಾ" ಅಂದೆ.

ಅಳಿಸುತ್ತಾಳೇನೋ ಅಂದುಕೊಂಡೆ. ಅಳಿಸಲಿಲ್ಲ.

ಯಾರಾದರೂ ಹುಡುಕಲು ಹೋಗಿದ್ದಾರೆಯೇ ಅಂತ ಆ ಮುದುಕ ಕೇಳಿ ಎಂಬತ್ತು ವರ್ಷ ದಾಟಿತು. ನಾವಾದರೂ ಸ್ವಲ್ಪ ಹುಡುಕಬಹುದಲ್ಲವೇ? ನೀವೇನಂತೀರಿ?